ನಿಮ್ಮವ್ವ ಹೊಲಿಸಿದ ಫ್ರಾಕು

ದುರ್ಗಾ,

ಅಂಚೆಗೆ ಹಾಕದ ಕಾಗದದಲ್ಲಿ ನಿಜ ಹೇಳಬಹುದು. ನಾನು ಕೆಡಿಸಿದ ಕುಪ್ಪಸವನ್ನು ಗಿರಾಕಿ ಮುಂದೆ ನಿನ್ನ ತಲೆಗೆ ಕಟ್ಟಿದ ದಿನ ನೀನು ನಮ್ಮ ರೋಣದ ಹೊಲಿಗೆ ಅಂಗಡಿ ಬಿಟ್ಟು ನರಗುಂದಕ್ಕೆ ಹೋದೆ.

ಇವತ್ತು ಅಬ್ಬಿಗೇರಿಯಿಂದ ನಿಮ್ಮವ್ವ ಬಂದಿದ್ದಳು. ಟೀ-ಶರ್ಟ್ ಬಟ್ಟೆ ಕೊಟ್ಟು, “ದಿನಾ ಹಾಕ್ಕೊಳ್ಳಾಕ ನನಗೊಂದ್ ಫ್ರಾಕ್ ಹೊಲಿಯವ್ವ” ಎಂದಳು. ಇಳಕಲ್ ಸೀರೆ ಬಿಟ್ಟು ಬೇರೇನೂ ಉಡದವಳಿಗೆ ಫ್ರಾಕು! ನನಗೆ ಆಗಲೇ ಗುಮಾನಿ. ಟೇಪು ಹಿಡಿದರೆ ಹಿಂದೆ ಸರಿದು ಚೀಟಿ ಕೊಟ್ಟಳು. ದಪ್ಪ ಮೈಯವಳ ಚೀಟಿಯಲ್ಲಿ ಸೊಂಟ ಇಪ್ಪತ್ತೆಂಟು!

ಸಂಜೆಗೆ ಹೊಲಿದು, “ಹಾಕ್ಕೊಂಡ್ ನೋಡ್ರಿ, ಅತ್ತಿ” ಎಂದೆ.

“ಹಿಗ್ಗೂ ಬಟ್ಟಿಗೆ ನೋಡೂದೇನೈತಿ?”

ಬಟ್ಟೆಯೇನೋ ಹಿಗ್ಗುತ್ತದೆ, ನಾನು ಹಿಗ್ಗಬಹುದೇ? ಅವಳು ಕೇಳದಿದ್ದರೂ, ನೀನು ಎಡಚಿಯಲ್ಲವೇ ಎಂದು ಎಡಗಡೆ ಜೇಬು ಇಟ್ಟಿದ್ದೆ. ಬಲಗೈಯ ನಿಮ್ಮವ್ವ ಅದನ್ನು ತಡವಿ ನೋಡಿದಳು, ಯಾಕೆಂದು ಕೇಳಲಿಲ್ಲ. ಫ್ರಾಕು ಮಡಚಿಕೊಂಡು ಹೋಗಿ, ಅಬ್ಬಿಗೇರಿ ಬಸ್ಸು ಬಿಟ್ಟು ನರಗುಂದದ ಬಸ್ಸು ಹತ್ತಿದಳು.