ಮಾಲವ್ವನ ಹಾಡಿಗೊಂದು ಜಾಗ

ಹಳಿಯಾಳ, ಶುಕ್ರವಾರ, ೨೦ ಜನವರಿ ೨೦೦೬

ಪಕ್ಕದ ಮನೆಯ ಮಾಲವ್ವ ಎತ್ತುವ ಹಾಡು ಪರಿವಿಡಿಯಲ್ಲಿ ಇರಲಿಲ್ಲ. ಇಡೀ ದಿನ ಅದೇ ಕೊರೆಯಿತು.

ಉಳವಿ ಚನ್ನಬಸವಣ್ಣನ ಜಾತ್ರೆಗೆ ನಡೆದುಹೋಗುವ ನಮ್ಮ ಹೆಂಗಸರ ಹಾಡಿನ ಪುಸ್ತಕವನ್ನು ತಂಗಿಯ ಮಗಳು ಸುವರ್ಣಾ ಕಂಪ್ಯೂಟರಿನಲ್ಲಿ ಮಾಡುತ್ತಿದ್ದಾಳೆ. ಮೊದಲು ಅದು ಅ ಆ ಇ ಈ ಪ್ರಕಾರ ಪರಿವಿಡಿ ಕಟ್ಟಿತ್ತು. ನಾವು ಹಾಡುವುದು ದಾರಿಯಲ್ಲಿ ರಾತ್ರಿ ತಂಗುವ ವಸ್ತಿಯ ಪ್ರಕಾರ, ಹಾಗೇ ಮಾಡು ಎಂದಿದ್ದೆ. ಇಂದು ತೋರಿಸಿದಳು. ದಾಂಡೇಲಿ, ಜೋಯಿಡಾ, ಉಳವಿ, ಒಂದೊಂದರ ಕೆಳಗೂ ಆ ವಸ್ತಿಯ ಹಾಡುಗಳು. ಮಾಲವ್ವನದು ಮಾತ್ರ ಇಲ್ಲ.

"ಹಾಡು ಒಳಗ ಐತಿ, ದೊಡ್ಡವ್ವ. ಎಕ್ಸ್‌ಎಂಎಲ್ ಅನ್ನೂ ಕಡತದಾಗ ಪ್ರತಿ ಹಾಡಿಗೂ ವಸ್ತಿ ಗುರುತು ಹಾಕೇನಿ, ಅದನ್ನ ನೋಡಿ ಕಂಪ್ಯೂಟರ್ ಪರಿವಿಡಿ ಕಟ್ಟತೈತಿ. ಇದಕ್ಕ ವಸ್ತಿನ ಇಲ್ಲ, ಅದಕ್ಕ ಪರಿವಿಡಿಗೆ ಬಂದಿಲ್ಲ."

ನಿಜ. ಅದನ್ನು ಉಳವಿಯ ಏರು ಹತ್ತುತ್ತ ಹಾಡುತ್ತೇವೆ, ಕುಳಿತು ಹಾಡಿದ್ದೇ ಇಲ್ಲ. ಮೊಣಕಾಲು ನೋವಿನಿಂದ ಮಾಲವ್ವ ಈ ಸಲ ಬರುತ್ತಿಲ್ಲ. ಅವಳ ಹಾಡೂ ಹಿಂದೆ ಉಳಿಯಬೇಕೇ?

"ನಡಿಯೂ ಹಾಡು ಅಂತ ಬ್ಯಾರೆ ಗುರುತು ಹಾಕವ್ವಾ."

"ಒಂದ ಹಾಡಿಗೆ ಒಂದು ತಲೆಬರಹ ಏನು?"

"ಏರೂ ಒಂದ ಐತಲ್ಲ."

ನಕ್ಕು ಮಾಡಿಕೊಟ್ಟಳು. ಜೋಯಿಡಾ, ಉಳವಿಗಳ ನಡುವೆ 'ದಾರಿಯಲ್ಲಿ' ಎಂದು ಬಂತು, ಕೆಳಗೆ ಅದೊಂದೇ ಹಾಡು. ಮಾಲವ್ವನಿಗೆ ಓದಲು ಬಾರದು. ನಾಳೆ ಅವಳ ಬೆರಳು ಹಿಡಿದು ಆ ಸಾಲಿನ ಮೇಲೆ ಇಡಿಸುತ್ತೇನೆ.

ಚನ್ನಬಸವಾ, ಆ ಏರಿನಲ್ಲಿ ಈ ಸಲ ಮೊದಲ ಸಾಲು ಎತ್ತುವವರು ಯಾರು? ನನ್ನ ದನಿಗೆ ಅಷ್ಟು ಉಸಿರು ಕೊಡು.