ನಲವತ್ತು ಕಾರಿನ ಲೆಕ್ಕ

ಬೆಳಕವಾಡಿಯ ಷೇರು ಸಾಮ್ರಾಜ್ಯದ ಏಕೈಕ ಚಕ್ರವರ್ತಿಗಳೂ, ಮುಂದೆ ಬರುವ ಕಾಲವನ್ನು ಇಂದೇ ಮೂಸಿ ನೋಡಿ ಹೇಳಬಲ್ಲವರೂ ಆದ ನನ್ನ ಸೋದರಮಾವ ಅಂಕಯ್ಯನವರ ಪಾದಗಳಿಗೆ, ಆ ಪಾದಗಳಿಂದ ಸಾಕಷ್ಟು ದೂರ ನಿಂತು, ಅಳಿಯ ಬೋರೇಶ ಮಾಡುವ ನಮಸ್ಕಾರ.

ಸೋಮವಾರ ಮದ್ದೂರಿನ ಹೋಟೆಲ್ ಮುಂದೆ ತಾವು ನಡೆಸಿದ ಮಾರುಕಟ್ಟೆ ವಿಶ್ಲೇಷಣೆಯನ್ನು ಊರೇ ಕೊಂಡಾಡುತ್ತಿದೆ. ಅಲ್ಲಿಗೆ ಚಾರ್ಜಿಗೆ ಬರುವ ಕಾರುಗಳ ಲೆಕ್ಕದ ಚೀಟಿ ನಂಬಿ, ಕರೆಂಟ್ ಕಾರಿನ ಕಾಲ ಬಂತೆಂದು ತಾವು ಕೊಂಡ ಬ್ಯಾಟರಿ ಷೇರು ಅರ್ಧಕ್ಕೆ ಬಿತ್ತು. ತಾವು ಅಲ್ಲಿನ ಚಾರ್ಜಿಂಗ್ ಮಿಷನ್ನನ್ನು ಹಾರೆಯಿಂದ ಪೂರ್ತಿ ಬೀಳಿಸಿದಿರಿ. ಆಮೇಲೆ ಅದನ್ನು ನೋಡಿಕೊಳ್ಳುವ ನನ್ನ ಗೆಳೆಯ ಸಿದ್ದರಾಜುವಿನ ದವಡೆಗೂ ಅದೇ ಹಾರೆಯ ತುದಿ ಮುಟ್ಟಿಸಿದಿರಿ.

"ದಿನಕ್ಕೆ ನಲವತ್ತು ಕಾರು ಬತ್ತವೆ ಅಂತ ಬರ್ಕೊಟ್ಟ ಕೈ ಯಾವುದ್ಲಾ?" ಅಂತ ಕೇಳಿದಿರಿ. ಅವನು ರಕ್ತದ ಜೊತೆ ಮೂರು ಹಲ್ಲು ಉಗುಳಿದ, ಹೆಸರು ಮಾತ್ರ ಉಗುಳಲಿಲ್ಲ.

ಈಗ ಮಂಡ್ಯದ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಕಟ್ಟಿಸಿಕೊಂಡು ಗಂಜಿ ಹೀರುತ್ತಿದ್ದಾನೆ. ಅವನು ಹೊರಗೆ ಬಂದ ದಿನ ಹೆಸರು ಬಾಯಿ ಬಿಡಿಸಿ ಆ ಕೈಯನ್ನೂ ಮುರಿಯುವೆನೆಂದು ತಾವು ಶಪಥ ಮಾಡಿದಿರಂತೆ. ನಾಗಮಣಿ ಅತ್ತೆ ಅಳುತ್ತಾ ಫೋನ್ ಮಾಡಿದ್ದರು. ದಯಮಾಡಿ ಹಾರೆಯನ್ನು ಅತ್ತೆಯ ವಶಕ್ಕೆ ಕೊಡಿ. ಗುರುವಾರ ಅವನನ್ನು ಮನೆಗೆ ಕಳಿಸುತ್ತಾರೆ. ಅವತ್ತು ತಾವು ಮದ್ದೂರಿನ ಬಸ್ಸು ಹತ್ತಬೇಡಿ.

ಮಾವ, ಆ ಲೆಕ್ಕ ಬರೆದ ವಾರ ಸಿದ್ದರಾಜು ರಜೆಯಲ್ಲಿದ್ದ. ಅವನ ಕುರ್ಚಿಯಲ್ಲಿ ಕೂತು ಕಾರು ಎಣಿಸಿದವನು ನಾನು. ದಿನಕ್ಕೆ ಬರ್ತಿದ್ದುದು ನಾಲ್ಕೇ. ಪಕ್ಕಕ್ಕೊಂದು ಸೊನ್ನೆ ಇಟ್ಟರೆ ನಿಮ್ಮ ಮುಖ ಹೆಂಗೆ ಅರಳ್ತದೆ ಅಂತ ನೋಡಬೇಕು ಅನ್ನಿಸಿತ್ತು, ಅಷ್ಟೇ.

ಇಂತಿ,
ಆ ಕೈಯಿಂದಲೇ ಇದನ್ನೂ ಬರೆದ
ಬೋರೇಶ