ಪೆದ್ದಾಗುವ ಸರದಿ

ಸಮ್ಮೇದಣ್ಣನಿಗೆ ನಿಮ್ಮ ಚಿಕ್ಕಮ್ಮನ ಮಗಳು ಗ್ರೀಷ್ಮಾ ಮಾಡುವ ಜೈ ಜಿನೇಂದ್ರ.

ಒಂದೇ ಆಫೀಸಿನಲ್ಲಿ, ನಡುವೆ ಒಂದು ಗಾಜಿನ ಬಾಗಿಲು ಮಾತ್ರ ಇರುವಾಗ ಇವಳು ಯಾಕೆ ಕಾಗದ ಬರೆಯುತ್ತಾಳೆ ಎಂದು ನಿಮಗೆ ನಗು ಬಂದೀತು. ನಗಿ. ಎದುರು ನಿಂತು ಹೇಳಹೊರಟರೆ ಎರಡನೇ ವಾಕ್ಯಕ್ಕೇ ನೀವು ನನ್ನನ್ನು ತಿದ್ದುತ್ತೀರಿ, ಮೂರನೆಯದಕ್ಕೆ ಫೋನ್ ತೆಗೆಯುತ್ತೀರಿ. ಕಾಗದವಾದರೆ ಕೊನೆಯವರೆಗೆ ಮಾತಾಡಬಹುದು. ಚಿಕ್ಕಂದಿನಿಂದ ತುಳುವಿನಲ್ಲೇ ಜಗಳವಾಡಿದವರು ನಾವು. ಕನ್ನಡದಲ್ಲಿ ಬರೆಯುವಾಗ ಕೋಪಕ್ಕೂ ಇಸ್ತ್ರಿ ಹಾಕಿದ ಹಾಗೆ ಆಗುತ್ತದೆ. ಹಾಗೆಂದು ಕೋಪ ಇಲ್ಲ ಎಂದುಕೊಳ್ಳಬೇಡಿ.

ಕಳೆದ ಭಾನುವಾರ ಪಾಣೆಮಂಗಳೂರಿಗೆ ಹೋಗಿ ರಿಫಾಳನ್ನು ನೋಡಿ ಬಂದೆ. ಅಲ್ಲಿ ಆದದ್ದು ನಿಮಗೆ ಗೊತ್ತಾಗಬೇಕು. ಅದು ಗೊತ್ತಾಗಬೇಕಾದರೆ ಇಷ್ಟು ವರ್ಷ ನಾವು ನಿಮ್ಮ ಬೆನ್ನ ಹಿಂದೆ ಏನು ಮಾಡುತ್ತಿದ್ದೆವು ಎಂಬುದೂ ಗೊತ್ತಾಗಬೇಕು. ಒಮ್ಮೆ ಹೇಳಿದ್ದೆ, ನೀವು ನಂಬಲಿಲ್ಲ.

ನನಗೆ ಕೋಡ್ ಬರೆಯಲು ಕಲಿಸಿದವರು ನೀವು. ಮೂಡುಬಿದಿರೆಯಲ್ಲಿ ಮನೋರಮಾ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ, ಹಳೆಯ ಸೀರೆ ಹೊದಿಸಿಟ್ಟಿದ್ದ ಆ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ ಹೇಳಿಕೊಟ್ಟಿರಿ. ಒಂದೇ ತಪ್ಪನ್ನು ನಾನು ಮತ್ತೆ ಮತ್ತೆ ಮಾಡಿದರೂ ನಿಮಗೆ ಬೇಸರ ಬರುತ್ತಿರಲಿಲ್ಲ. "ಹೊತ್ತು ಮುಳುಗ್ತಾ ಬಂತು, ಊಟಕ್ಕೆ ಬನ್ನಿ ಮಕ್ಕಳೇ" ಎಂದು ದೊಡ್ಡಮ್ಮ ಕರೆದರೆ, "ಇವಳಿಗೆ ಇದೊಂದು ಅರ್ಥ ಆಗ್ಲಿ ಅಮ್ಮ, ಬರ್ತೇವೆ" ಅನ್ನುತ್ತಿದ್ದಿರಿ. ಎಷ್ಟು ತಾಳ್ಮೆಯ ಅಣ್ಣ ಎಂದು ನಾನು ಹೆಮ್ಮೆಪಟ್ಟಿದ್ದೆ. ಕಲಿಸುವುದೆಂದರೆ ನಿಮಗೆ ಎಷ್ಟು ಇಷ್ಟವೋ, ಕಲಿಯುವುದೆಂದರೆ ಅಷ್ಟೇ ಸಂಕಟ ಎಂದು ಆಗ ನನಗೆ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಮಕ್ಕಳಿಂದ ಭಾಷಣ ಮಾಡಿಸಿದ್ದರಲ್ಲ, ಎರಡನೇ ದಿನದ ಉತ್ತಮ ಮಾರ್ದವ ನಿಮ್ಮ ಪಾಲಿಗೆ ಬಂದಿತ್ತು. ಅಹಂಕಾರವನ್ನು ಬಿಡುವುದು ಹೇಗೆ ಎಂದು ನೀವು ಗಂಟಲು ಏರಿಸಿ ಹೇಳಿ ಮೊದಲ ಬಹುಮಾನವಾಗಿ ಸ್ಟೀಲ್ ಬುತ್ತಿಡಬ್ಬಿ ಗೆದ್ದಿರಿ. ಆಮೇಲೆ ವರ್ಷವಿಡೀ, ಮುಚ್ಚಳದ ಮೇಲೆ ಕೆತ್ತಿದ 'ಪ್ರಥಮ' ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡೇ ಶಾಲೆಗೆ ಹೋದಿರಿ. ನಾವೆಲ್ಲ ನಕ್ಕೆವು. ನಗುವ ವಿಷಯವೇ ಆಗಿತ್ತು ಆಗ.

ಬಿ.ಸಿ. ರೋಡಿನ ಕೈಕಂಬದಲ್ಲಿ, ಚಪ್ಪಲಿ ಅಂಗಡಿಯ ಮೇಲೆ ನೀವು ಆಫೀಸು ತೆರೆದಾಗ ನಾವು ನಾಲ್ಕೇ ಜನ. ನೀವು, ನಾನು, ವೇಣೂರಿನ ಅಂಕಿತ್, ಪಾಣೆಮಂಗಳೂರಿನ ರಿಫಾ. ಬೆಳ್ತಂಗಡಿಯಿಂದ ಫರಂಗಿಪೇಟೆಯವರೆಗಿನ ಸಣ್ಣ ಸಣ್ಣ ಕ್ಲಿನಿಕ್ಕು, ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ಕೆಲಸ. ರಕ್ತಪರೀಕ್ಷೆಯ ವರದಿ ಸೀದಾ ರೋಗಿಯ ಮೊಬೈಲಿಗೆ ಹೋಗಬೇಕು. ಅದರ ಬೆನ್ನೆಲುಬನ್ನು ನೀವೇ ಬರೆದಿರಿ. ಚೆನ್ನಾಗಿಯೇ ಬರೆದಿದ್ದಿರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಬರೆದದ್ದನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಮುಟ್ಟುವುದಿರಲಿ, ಅದರಲ್ಲಿ ತಪ್ಪುಂಟು ಎಂದು ಬಾಯಿ ಬಿಡುವ ಹಾಗೂ ಇಲ್ಲ.

ಅಂಕಿತ್ ಬಾಯಿ ಬಿಟ್ಟ. ಮೊದಲ ಮಳೆಗಾಲದಲ್ಲೇ, ಎಲ್ಲರೂ ಕೂತಿದ್ದಾಗ, "ಅಣ್ಣ, ವರದಿಯ ತಾರೀಕು ಹಿಂದುಮುಂದು ಆಗ್ತಾ ಉಂಟು. ಅದು ನಿಮ್ಮ ಕೋಡಿಂದ ಆಗುವುದು" ಎಂದ. ನೀವು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರುದಿನ ನೋಡಿದರೆ ಅವನ ಮೇಜು ನೀರಿನ ಫಿಲ್ಟರಿನ ಪಕ್ಕಕ್ಕೆ ಹೋಗಿತ್ತು. ಮುಂದಿನ ಮಳೆಗಾಲದವರೆಗೆ ಅವನ ಹತ್ತಿರ ನೀವು ಮಾತಾಡಿದ್ದು ನನ್ನ ಮೂಲಕ. "ಅವನಿಗೆ ಹೇಳು" ಎಂದು ನೀವು. "ಕೇಳಿತು ಅಂತ ಹೇಳು" ಎಂದು ಅವನು. ನಡುವೆ ನಾನು ಮದುವೆಯ ದಲ್ಲಾಳಿಯ ಹಾಗೆ ಅತ್ತ ಇತ್ತ ನೋಡುವುದು. ತಾರೀಕು ಮಾತ್ರ ಅಲ್ಲಿಯವರೆಗೂ ಹಿಂದುಮುಂದು ಆಗುತ್ತಲೇ ಇತ್ತು.

ರಿಫಾ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಊಟ ಮಾಡುತ್ತಾ ಅವಳ ಅಜ್ಜಿ ಖತೀಜಮ್ಮನ ಕಥೆ ಹೇಳಿದಳು. ಅಜ್ಜ ಇದಿನಬ್ಬ ಜೀಪು ಓಡಿಸುತ್ತಿದ್ದವರು. ಮೂಡುಬಿದಿರೆಯಲ್ಲಿ ಮದುವೆ ಎಂದು ಮನೆಯವರನ್ನು ತುಂಬಿಸಿಕೊಂಡು ಹೊರಟವರು, ಮಾತಿನ ಭರದಲ್ಲಿ ಪೇಟೆ ದಾಟಿ ತೋಡಾರಿಗೆ ಬಂದುಬಿಟ್ಟರಂತೆ. ದಾರಿ ತಪ್ಪಿತು ಎಂದರೆ ಹಟಕ್ಕೆ ಬಿದ್ದು ಮಂಗಳೂರು ಮುಟ್ಟಿಸುವ ಜನ ಅವರು. ಖತೀಜಮ್ಮ ಮೆಲ್ಲಗೆ, "ಇದು ಯಾವ ಊರು? ನಾನು ನೋಡಿಯೇ ಇಲ್ಲ" ಎಂದರು. ಅಜ್ಜ ಬೋರ್ಡು ನೋಡಿದರು. "ತೋಡಾರು. ನಿನಗೆ ತೋರಿಸುವ ಅಂತಲೇ ಬಂದದ್ದು" ಎಂದು ಗಂಭೀರವಾಗಿ ಜೀಪು ತಿರುಗಿಸಿದರು. ಅಂಕಿತ್ ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಂಡ. "ದೊಡ್ಡವರಿಗೆ ದಾರಿ ಹೇಳ್ಲಿಕ್ಕೆ ಹೋಗ್ಬಾರ್ದು ಮಗಳೇ, ದಾರಿ ಕೇಳ್ಬೇಕು" ಎಂಬುದು ಖತೀಜಮ್ಮ ಮೊಮ್ಮಗಳಿಗೆ ಕೊಟ್ಟ ಬುದ್ಧಿ.

ಅಂದಿನಿಂದ ನಮ್ಮ ಆಫೀಸಿನಲ್ಲಿ ಒಂದು ಕ್ರಮ ಬಂತು. ನಿಮ್ಮ ಕೋಡಿನಲ್ಲಿ ತಪ್ಪು ಕಂಡರೆ ನಮ್ಮಲ್ಲೊಬ್ಬರು ಪೆದ್ದಾಗಬೇಕು. ನಿಮ್ಮ ಮೇಜಿನ ಹತ್ತಿರ ಹೋಗಿ, ತಲೆ ಕೆರೆದುಕೊಂಡು, "ಅಣ್ಣ, ನಂಗೆ ಇದು ಅರ್ಥ ಆಗ್ಲಿಲ್ಲ. ಒಮ್ಮೆ ಹೇಳಿ ಕೊಡ್ತೀರಾ?" ಎನ್ನಬೇಕು. ನಿಮ್ಮ ಮುಖ ಅರಳುತ್ತಿತ್ತು. ಹೇಳಿಕೊಡುತ್ತಾ ಹೋಗಿ ತಪ್ಪಿನ ಮೇಲೆ ನೀವೇ ಎಡವುತ್ತಿದ್ದಿರಿ. ಆಮೇಲೆ ಸರಿಮಾಡಿ, ನಾವು ಯಾರೂ ಕಾಣದ್ದನ್ನು ಕಂಡವರ ಹಾಗೆ ಬರುತ್ತಿದ್ದಿರಿ.

"ಇವತ್ತು ಪೆದ್ದು ಯಾರು ಮಾರಾಯ್ತಿ?" ಎಂದು ಅಂಕಿತ್ ಮೆಟ್ಟಿಲಲ್ಲೇ ಕೇಳುತ್ತಿದ್ದ. ಸರದಿ ಎಂದು ಇಟ್ಟುಕೊಂಡಿದ್ದೆವು, ಆದರೆ ಅವನಿಗೆ ನಗು ತಡೆಯುತ್ತಿರಲಿಲ್ಲ, ನನ್ನ ಮುಖದಲ್ಲಿ ಸಿಟ್ಟು ಕಾಣುತ್ತಿತ್ತು. ತಪ್ಪು ಹುಡುಕುವುದರಲ್ಲಿ ಎಲ್ಲರಿಗಿಂತ ಚುರುಕು ರಿಫಾಳೇ. ಹಾಗಾಗಿ ಪೆದ್ದಾಗುವ ಕೆಲಸವೂ ಅವಳ ತಲೆಗೇ ಬಿತ್ತು. ಹೆಚ್ಚು ತಿಳಿದವಳು ಹೆಚ್ಚು ಸಲ ತಿಳಿಯದವಳಾದಳು.

ಇಬ್ಬರು ಖತೀಜಾರ ಸಂಗತಿ ನಿಮಗೆ ನೆನಪಿರಬೇಕು. ಹೆಸರು ಮತ್ತು ಫೋನ್ ನಂಬರ್ ಎರಡೂ ಒಂದೇ ಆಗಿದ್ದರೆ ವ್ಯಕ್ತಿಯೂ ಒಬ್ಬರೇ ಎಂದು ನೀವು ಲೆಕ್ಕ ಹಾಕಿದ್ದಿರಿ. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟ ಮನೆ ಎಷ್ಟು, ಇಡೀ ಮನೆಗೆ ಒಂದೇ ನಂಬರ್ ಬರೆಸುವವರು ಎಷ್ಟು ಎಂದು ರಿಫಾಳಿಗೆ ಗೊತ್ತು. ಶಾಲೆಯ ದಾಖಲೆಯಲ್ಲಿ ಅವಳೂ ಖತೀಜಾ. ತಪ್ಪಿದರೆ ಅಜ್ಜಿಯ ಸಕ್ಕರೆ ಕಾಯಿಲೆಯ ವರದಿ ಮೊಮ್ಮಗಳ ಹೆಸರಿಗೆ ಹೋಗುತ್ತದೆ. ಅವಳು ಬಂದು, "ಅಣ್ಣ, ನಮ್ಮ ಮನೆಯಲ್ಲಿ ಎರಡು ಖತೀಜಾ, ಒಂದು ಫೋನು. ಇದರಲ್ಲಿ ನಾನು ಯಾರು ಅಂತ ನಂಗೆ ಅರ್ಥ ಆಗ್ಲಿಲ್ಲ" ಎಂದಳು. ನೀವು ಬಿಳಿ ಬೋರ್ಡಿನ ಮೇಲೆ ಗೀಟು ಎಳೆಯುತ್ತಾ ಹೋದಿರಿ. ಅರ್ಧಕ್ಕೆ ಕೈ ನಿಂತಿತು. ಬೋರ್ಡನ್ನು ಅಂಗೈಯಲ್ಲೇ ಒರೆಸಿ, "ನಾಳೆ ನೋಡುವ" ಎಂದಿರಿ. ಮರುದಿನ ಬೆಳಿಗ್ಗೆ, "ಸ್ನಾನ ಮಾಡುವಾಗ ನನಗೊಂದು ಹೊಳೆಯಿತು" ಎಂದು ಶುರುಮಾಡಿದಿರಿ. ನಾವು ಮೂವರೂ ತಲೆ ತಗ್ಗಿಸಿ ಬರೆದುಕೊಂಡೆವು. ಎಂಥ ನಾಟಕ!

ಮಂಗಳೂರಿನ ಕಂಪೆನಿಯವರು ನಮ್ಮ ಆಫೀಸನ್ನು ಕೊಂಡುಕೊಳ್ಳಲು ಬಂದ ದಿನ ಆ ನಾಟಕದ ಬೆಲೆ ಗೊತ್ತಾಯಿತು. ನಾಲ್ವರಲ್ಲಿ ಮೂವರನ್ನು ಇಟ್ಟುಕೊಳ್ಳುತ್ತೇವೆ, ಯಾರನ್ನು ಎಂದು ನೀವೇ ಹೇಳಿ ಎಂದರು. ನೀವು ಯೋಚಿಸಲೂ ಇಲ್ಲ. ರಿಫಾ ಅಲ್ಲೇ ಇದ್ದಳು, ಅವರಿಗೆ ಚಾ ಕೊಡುತ್ತಿದ್ದಳು. "ರಿಫಾ ಒಳ್ಳೆ ಹುಡುಗಿ. ಆದರೆ ಯಾವುದೂ ಒಂದು ಸಲಕ್ಕೆ ಅರ್ಥ ಆಗುವುದಿಲ್ಲ. ಎಲ್ಲ ನಾನೇ ಹೇಳಿ ಕೊಡ್ಬೇಕು." ಪ್ರೀತಿಯಿಂದಲೇ ಹೇಳಿದಿರಿ. ಅವರೂ ನಕ್ಕರು. ಚಾದ ತಟ್ಟೆ ಮೇಜಿನ ಮೇಲಿಟ್ಟು ಅವಳು ಹೊರಗೆ ಹೋದಳು.

ಅವತ್ತು ಸಂಜೆ ಸಿದ್ಧಕಟ್ಟೆ ದಾರಿಯಲ್ಲಿ ಮನೆಗೆ ಬರುವಾಗ ಕಾರಿನಲ್ಲಿ ನಾನು ಎಲ್ಲ ಹೇಳಿದೆ. ಅವಳು ಪೆದ್ದಲ್ಲ, ನಿಮಗೋಸ್ಕರ ಪೆದ್ದಾದಳು. ನೀವು ಹಿಡಿದೆನೆಂದುಕೊಂಡ ತಪ್ಪುಗಳೆಲ್ಲ ಅವಳು ಹಿಡಿದು ನಿಮ್ಮ ಕೈಗೆ ಕೊಟ್ಟದ್ದು, ಅವಳನ್ನು ಬಿಡಬೇಡಿ ಎಂದು ಬೇಡಿಕೊಂಡೆ. ನೀವು ಸ್ಟೀರಿಂಗ್ ಮೇಲೆ ತಾಳ ಹಾಕುತ್ತಾ, "ಅಷ್ಟು ಚೆನ್ನಾಗಿ ನಟನೆ ಬರುವುದಾದ್ರೆ ಯಾವುದಾದ್ರೂ ಯಕ್ಷಗಾನ ಮೇಳಕ್ಕೆ ಸೇರ್ಲಿ ಮಾರಾಯ್ತಿ" ಎಂದಿರಿ. ರಾಯಿ ದಾಟುವ ಮೊದಲೇ ಹೊಸ ಕಂಪೆನಿಯಲ್ಲಿ ನಿಮಗೆ ಸಿಗುವ ಕೋಣೆಯ ಮಾತು ಬಂತು. ನನಗೆ ಅಳು ಬಂದಿತ್ತು, ಕಿಟಕಿಯ ಕಡೆ ತಿರುಗಿದೆ.

ಆ ವರ್ಷದ ಕ್ಷಮಾವಾಣಿ ದಿನ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ನೀವು ಕಮಲದ ಹೂವಿನ ಚಿತ್ರ ಹಾಕಿದಿರಿ. 'ತಿಳಿದೋ ತಿಳಿಯದೆಯೋ ನನ್ನಿಂದ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ.' ಅಂಕಿತ್ ಕೈ ಮುಗಿದ ಚಿತ್ರ ಹಾಕಿದ, ನಾನೂ ಹಾಕಿದೆ. ರಿಫಾಳಿಗೆ ಅದು ತಲುಪಲಿಲ್ಲ. ಹಿಂದಿನ ವಾರವೇ ನೀವು ಅವಳನ್ನು ಗುಂಪಿನಿಂದ ತೆಗೆದಿದ್ದಿರಿ.

ಹೊಸ ಜಾಗದಲ್ಲಿ ಪೆದ್ದಾಗಲು ಯಾರೂ ತಯಾರಿಲ್ಲ. ನಿಮ್ಮ ಕೋಡಿನಲ್ಲಿ ತಪ್ಪು ಕಂಡರೆ ಅಂಕಿತ್ ಕಂಪ್ಯೂಟರ್ ಮುಚ್ಚಿ ಚಾ ಕುಡಿಯಲು ಹೋಗುತ್ತಾನೆ. ಎಲ್ಲವನ್ನೂ ಹೊಸದಾಗಿ ಬರೆಯುವಾಗ ಹೆಸರು, ಫೋನಿನ ಅದೇ ಹಳೆಯ ಲೆಕ್ಕವನ್ನು ನೀವು ಮತ್ತೆ ತಂದಿರಿ. ಬೆಳ್ತಂಗಡಿಯ ಲ್ಯಾಬಿನವರು ಸುಂದರಿ ಎಂಬ ಒಂದೇ ಹೆಸರಿನ ಇಬ್ಬರ ವರದಿ ಕಲಸಿಹೋಗಿದೆ ಎಂದು ಫೋನ್ ಮಾಡಿದರೆ, ಅಲ್ಲಿ ಟೈಪ್ ಮಾಡುವವರು ದಡ್ಡರು ಎಂದಿರಿ. ಕಾರಣ ಎಲ್ಲಿದೆ ಎಂದು ಈಗ ನಿಮಗೆ ನಿಜವಾಗಿಯೂ ಗೊತ್ತಿಲ್ಲ. ಅದನ್ನು ಹಿಡಿದದ್ದು ನೀವಲ್ಲವಲ್ಲ, ನೆನಪಿರುವುದಾದರೂ ಹೇಗೆ?

ಇನ್ನು ಭಾನುವಾರದ ವಿಷಯ. ನನ್ನ ಪರಿಚಯದವರ ಕಂಪೆನಿಯೊಂದರಲ್ಲಿ ಕೆಲಸ ಖಾಲಿಯಿತ್ತು. ರಿಫಾ ಈಗ ಫರಂಗಿಪೇಟೆಯಲ್ಲಿ ಮಾವನ ಬಟ್ಟೆ ಅಂಗಡಿಯಲ್ಲಿ ಕೂರುತ್ತಾಳೆ; ಅವಳನ್ನು ಎಬ್ಬಿಸಿ ಕರೆದೊಯ್ಯುವ ಎಂದು ಉತ್ಸಾಹದಲ್ಲಿ ಹೋದೆ. ಖತೀಜಮ್ಮ ಚಾದ ಜೊತೆ ತಿನ್ನಲು ಕಲ್ತಪ್ಪ ತಂದಿಟ್ಟರು. ಹಳೆಯ ಅಭ್ಯಾಸ ಮರಳಲಿ ಎಂದು ನಾನು ಲ್ಯಾಪ್‌ಟಾಪ್ ತೆರೆದು ಅದೇ ಇಬ್ಬರು ಸುಂದರಿಯರ ತಪ್ಪನ್ನು ಅವಳ ಮುಂದಿಟ್ಟೆ. ಹಿಂದೆ ಇವಳು ಕಣ್ಣು ಮುಚ್ಚಿ ಹಿಡಿದ ತಪ್ಪು, ಸಮ್ಮೇದಣ್ಣ. ಇವಳ ಸ್ವಂತ ಮನೆಯ ತಪ್ಪು.

ತುಂಬಾ ಹೊತ್ತು ನೋಡಿದಳು. ಮತ್ತೆ ಕೈ ಹಿಂದೆ ತೆಗೆದು, "ಅಕ್ಕ, ನಂಗೆ ಅರ್ಥ ಆಗ್ಲಿಲ್ಲ" ಎಂದಳು.

ನಾನು ಜೋರಾಗಿ ನಕ್ಕೆ. "ಇಲ್ಲಿ ಸಮ್ಮೇದಣ್ಣ ಇಲ್ಲ ಮಾರಾಯ್ತಿ, ನಿನ್ನ ಸರದಿ ಮುಗಿಯಿತು" ಎಂದೆ. ಅವಳು ನಗಲಿಲ್ಲ. "ನಿಜವಾಗಿಯೂ ಅಕ್ಕ. ಮೊದಲು ನಾನು ಆ್ಯಕ್ಟ್ ಮಾಡ್ತಿದ್ದೆ ಅಂತ ಅಂದುಕೊಂಡಿದ್ದೆ. ಈಗ ನೋಡಿದ್ರೆ ಅಣ್ಣ ಹೇಳಿದ್ದೇ ಸರಿ ಅಂತ ಕಾಣ್ತದೆ. ಆ ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡಿ." ಬಾಗಿಲ ಬಳಿ ನಿಂತಿದ್ದ ಖತೀಜಮ್ಮ, "ನಾನು ಹೇಳಿಕೊಟ್ಟದ್ದೇ ಕೆಟ್ಟದಾಯ್ತು ಮಗಳೇ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕಲ್ತಪ್ಪ ಹಾಗೆಯೇ ಉಳಿಯಿತು. ಸೇತುವೆಯವರೆಗೆ ನಡೆದುಕೊಂಡೇ ಬಂದೆ.

ನಿಮ್ಮಿಂದ ಆಗಬೇಕಾದದ್ದು ಒಂದೇ. ನಾನು ಹೇಳಿ ಅವಳು ನಂಬಲಿಲ್ಲ, ಖತೀಜಮ್ಮ ಹೇಳಿದರೂ ನಂಬುವುದಿಲ್ಲ. ನೀವೇ ಪಾಣೆಮಂಗಳೂರಿಗೆ ಹೋಗಿ, ಆ ಕೋಡನ್ನು ಅವಳ ಮುಂದಿಟ್ಟು, "ರಿಫಾ, ನಂಗೆ ಇದು ಅರ್ಥ ಆಗ್ಲಿಲ್ಲ. ಒಮ್ಮೆ ಹೇಳಿ ಕೊಡ್ತೀಯಾ?" ಎನ್ನಬೇಕು. ನೀವು ನಟಿಸಬೇಕಾಗಿಯೂ ಇಲ್ಲ. ನಿಮಗೆ ನಿಜವಾಗಿಯೂ ಅರ್ಥವಾಗಿಲ್ಲ.

ನೀವು ಹೋಗುವುದಿಲ್ಲ. ಈ ಕಾಗದದಲ್ಲಿ ಒಂದೆರಡು ಕಾಗುಣಿತ ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ಗುರುತು ಹಾಕಿ ಒಳಗಿಡುತ್ತೀರಿ. ನಿಮ್ಮನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ರೂಢಿ ಬಿಡುವುದಿಲ್ಲ, ಕೊನೆಯ ಸಲ ನನ್ನ ಸರದಿ ಮುಗಿಸಿ ಹೋಗುತ್ತೇನೆ. ಅಣ್ಣ, ಅಷ್ಟು ಚುರುಕಾಗಿದ್ದ ಹುಡುಗಿ ಹೇಗೆ ಹೀಗಾದಳು? ನಂಗೆ ಅರ್ಥ ಆಗ್ಲಿಲ್ಲ. ಒಮ್ಮೆ ಹೇಳಿ ಕೊಡ್ತೀರಾ?

ನಾಳೆಯಿಂದ ನಾನು ಆಫೀಸಿಗೆ ಬರುವುದಿಲ್ಲ. ನೀವು ಚೆನ್ನಾಗಿರಿ. ನಿಮ್ಮ ತಪ್ಪನ್ನು ತಪ್ಪು ಎಂದು ಹೇಳುವವರು ಒಬ್ಬರಾದರೂ ನಿಮ್ಮ ಹತ್ತಿರ ಉಳಿಯಲಿ.

ನೀವು ಕಲಿಸಿದ ತಂಗಿ,
ಗ್ರೀಷ್ಮಾ